ಕಾಲು ನೋಡುವವನು

ಮೂರು ವರ್ಷದಿಂದ ಪರಮೇಶ್ ನನ್ನ ಕಾಲು ಬಿಟ್ಟು ಬೇರೇನನ್ನೂ ನೋಡಿರಲಿಲ್ಲ. ಕುಣಿಯುವವಳು ನಾನು, ಮಣೆಗೆ ಕೋಲು ತಟ್ಟಿ ತಾಳ ಹಾಕುವವನು ಅವನು. ತಾಳ ಹಾಕುವವರು ಕುಣಿಯುವವರ ಮುಖ ನೋಡಕೂಡದು, ನೋಡಿದರೆ ಕೋಲು ಕೆಳಗಿಟ್ಟು ಹೋಗಬೇಕು. ಇದು ನಮ್ಮ ಗುರು ಶಕುಂತಲಮ್ಮನವರ ಕಟ್ಟಳೆ.

ನಮ್ಮ ಕಡೆ ಮರೆತೇಹೋಗಿದ್ದ ಮೈಸೂರು ಶೈಲಿಯ ನೃತ್ಯಕ್ಕೆ ಭದ್ರಾವತಿಯಲ್ಲಿ ಮತ್ತೆ ಜೀವ ಕೊಟ್ಟವರು ಅವರು. ಆಗ ಊರೆಲ್ಲ ಆಡಿಕೊಂಡಿತ್ತಂತೆ. ಆ ಬಾಯಿಗಳನ್ನು ಮುಚ್ಚಿಸಲು ಈ ಕಟ್ಟಳೆ ಮಾಡಿದರು. ಅವರಿಗೆ ತಾಳ ಹಾಕುತ್ತಿದ್ದವರು ಅವರ ಗಂಡ ವೆಂಕಟಾಚಲ.

ಕಟ್ಟಳೆ ಇರುವುದು ಪಾಠದ ಹೊತ್ತಿಗೆ. ಈ ಪುಣ್ಯಾತ್ಮ ಅದನ್ನು ಶಿವಮೊಗ್ಗದಿಂದ ಪಾಠಕ್ಕೆ ಬರುವ ಬಸ್ಸಿನಲ್ಲೂ ಪಾಲಿಸುತ್ತಿದ್ದ. ಒಂದು ಭಾನುವಾರ ಹೊಸ ಸೀರೆ ಉಟ್ಟು ಅವನ ಪಕ್ಕದಲ್ಲೇ ಕೂತಿದ್ದೆ. ಅವನು ಕಿಟಕಿಯ ಆಚೆ ನೋಡುತ್ತಿದ್ದ.

"ಏನಾದ್ರೂ ಹೇಳೋದಿದೆಯಾ?" ಎಂದೆ.

"ಎಡಗಾಲು ಸ್ವಲ್ಪ ಲೇಟಾಗಿ ಬೀಳ್ತಿದೆ."

"ನಿನ್ನ ತಲೆ."

"ಕೋಪ ಯಾಕೆ ಮಾರಾಯ್ತಿ, ಇದ್ದಿದ್ದು ಹೇಳ್ದೆ."

ಕಿವಿ ಮಾತ್ರ ಕೆಂಪಾಗಿತ್ತು. ಆ ಕಿವಿಯನ್ನು ನಂಬಿಕೊಂಡೇ ಮೂರು ವರ್ಷ ಕಳೆದಿದ್ದೆ. ಅವನಿಗೆ ಎಲ್ಲಿ ಕೋಲು ಕೈತಪ್ಪುತ್ತದೋ ಎಂಬ ಭಯ. ನನಗೆ ಕಾದು ಕಾದು ಸಾಕಾಗಿತ್ತು.

ಅವತ್ತು ಗುರುಗಳು ಹಳೆಯ ಪದವೊಂದನ್ನು ಹೇಳಿಕೊಡಲು ಶುರುಮಾಡಿದರು. ಬರುತ್ತೇನೆಂದು ಬಾರದವನನ್ನು ಹೆಣ್ಣೊಬ್ಬಳು ಬೈಯುವ ಹಾಡು, ಕೂತುಕೊಂಡೇ ಮಾಡುವ ಅಭಿನಯ. ಬೈಯಲು ನನಗೆ ಪಾಠ ಬೇಕಿರಲಿಲ್ಲ. ಕಾಲು ಮಡಿಸಿ, ಮೇಲೆ ಸೀರೆ ಮುಚ್ಚಿ ಕೂತೆ. ಪರಮೇಶನಿಗೆ ನೋಡಲು ಕಾಲೇ ಇರಲಿಲ್ಲ.

ಗುರುಗಳು ಹಾಡಿದರು. ಮೊದಲ ಸಾಲಿಗೆ ಅವನು ನೆಲ ನೋಡುತ್ತ ತಟ್ಟಿದ. ಎರಡನೆಯ ಸಾಲಿಗೆ ತಲೆ ಎತ್ತಿದ. ಮೂರು ವರ್ಷದ ಸಿಟ್ಟನ್ನೆಲ್ಲ ಕಣ್ಣಿಗೆ ತಂದು ನೋಡಿದೆ. ಕೋಲು ನಿಂತೇಹೋಯಿತು.

ಅವನು ಎದ್ದು ಕೋಲನ್ನು ಗುರುಗಳ ಮುಂದಿಟ್ಟ. "ತಪ್ಪಾಯ್ತಮ್ಮ. ಇನ್ಮೇಲೆ ಬರಲ್ಲ. ಆದ್ರೆ ನೋಡಿದ್ದಕ್ಕೆ ಬೇಜಾರಿಲ್ಲ. ಮೈತ್ರಿ ಅಂದ್ರೆ ನಂಗಿಷ್ಟ."

ಅಷ್ಟು ಕಾಯಿಸಿದ ಮಾತನ್ನು ನನಗೆ ಹೇಳದೆ ಗುರುಗಳಿಗೆ ಹೇಳಿದ.

ಗುರುಗಳು ಗೋಡೆಯ ಮೇಲಿನ ಗಂಡನ ಫೋಟೊ ನೋಡಿದರು. "ಮೂವತ್ತು ವರ್ಷ ತಾಳ ಹಾಕಿದ್ರು ಕಣೋ. ಒಂದ್ಸಲಾನೂ ತಪ್ಪಿಲ್ಲ. ಕುಣಿಯೋವಾಗ ನನ್ನ ಮುಖ ಹೇಗಿರುತ್ತೆ ಅಂತ ನೋಡದೇನೇ ಹೋಗ್ಬಿಟ್ರು."

ಕೋಲನ್ನು ತಾವೇ ಕೈಗೆತ್ತಿಕೊಂಡರು. "ನೀನು ಎದುರಿಗೆ ಕೂತ್ಕೊ. ಮೈತ್ರಿ, ಮೊದಲಿಂದ."

ಪರಮೇಶ್ ನನ್ನೆದುರು ಕೂತು ಕಣ್ಣು ಕದಲಿಸದೆ ನೋಡಿದ. ಈ ಸಲ ತಾಳ ತಪ್ಪಿದವಳು ನಾನು.