ಪಾರ್ವತೆಮ್ಮನ ಸೀರಿ, ಮೊಮ್ಮಗಳ ಲಂಗೋಟಿ

"ಇದೇನ್ರೀ ಇದು?!"

ಬಾಣಂತನ ಮುಗಿಸಿ ರಾಯಚೂರಿನಿಂದ ಬಂದಿಳಿದ ಸಂಯುಕ್ತಾ, ಹೈದರಾಬಾದ್ ಸ್ಟೇಷನ್ನಿನಲ್ಲಿ ಗಂಡನಿಗೆ ಆಡಿದ ಮೊದಲ ಮಾತೇ ಇದು!

ಭರತನ ಕೈಯಲ್ಲಿ ಹೂವಿರಲಿಲ್ಲ. ದೊಡ್ಡದೊಂದು ಡೈಪರ್ ಪ್ಯಾಕ್ ಇತ್ತು.

"ನಮ್ಮ ಕೂಸಿಗೆ. ಭಾಳ ಛಲೋ ಕಂಪನೀದು."

"ನನ್ನ ಮಗಳಿಗೆ ಅರಿವಿ ಲಂಗೋಟಿನೇ! ಫೋನ್‌ನ್ಯಾಗ ಹೇಳಿದ್ನಿಲ್ಲೋ? ಒಮ್ಮೆ ಡೈಪರ್ ಹಾಕಿದ್ದಕ್ಕ ತೊಡಿ ತುಂಬ ಕೆಂಪಗ ಗುಳ್ಳಿ ಎದ್ದಿದ್ವು."

ಭರತನ ಕಣ್ಣು ಅವಳ ಕಂಕುಳಿನ ಗಂಟಿನ ಮೇಲೆ ಬಿತ್ತು. ಹಳೇ ಸೀರೆ ಹರಿದು ಹೊಲಿದ ಲಂಗೋಟಿಗಳ ಗಂಟು. ಅವನ ಮುಖ ಸಪ್ಪಗಾಯಿತು. ಬಾಲಾನಗರದ ಮನೆ ಮುಟ್ಟುವತನಕ ಆಟೋದಲ್ಲಿ ಆ ಪ್ಯಾಕನ್ನೇ ತೊಡೆಯ ಮೇಲಿಟ್ಟುಕೊಂಡು ಕೂತ.

'ಕೂಸನ್ನ ಎತ್ಕೊಳ್ಳೋದು ಬಿಟ್ಟು ಪ್ಯಾಕ್ ತೋರಿಸ್ತಾರಲ್ಲ...' ಸಂಯುಕ್ತಾ ಕೂಸನ್ನು ಎದೆಗೊತ್ತಿಕೊಂಡಳು.

ಮರುದಿನ ಬೆಳಿಗ್ಗೆ ಮುಂದಿನ ಬಾಲ್ಕನಿಯ ತಂತಿಯ ತುಂಬ ಲಂಗೋಟಿಯೋ ಲಂಗೋಟಿ! ಎದುರುಮನೆಯ ವನಜಾ ಆಂಟಿಗೆ ತಡೆಯಲಿಲ್ಲ.

"ಲೋಪಲ ಆರೇಸುಕೋಮ್ಮಾ!"

ಒಳಗೆ ಒಣಗಿಸಬೇಕಂತೆ! ನೋಡಿದವರು ಏನಂದಾರು ಅಂತೆ!

"ಕೂಸು ಇರೋ ಮನಿ ಅಂತಾರ, ಮತ್ತೇನಂತಾರ?" ಸಂಯುಕ್ತಾ ತನ್ನ ಹರಕು ತೆಲುಗಿನಲ್ಲೇ ತಿರುಗಿಸಿ ಕೊಟ್ಟಳು.

ಫ್ಯಾಕ್ಟರಿಗೆ ಹೊರಟಿದ್ದ ಭರತ ತಲೆ ತಗ್ಗಿಸಿ ಬೂಟು ಹಾಕಿಕೊಳ್ಳತೊಡಗಿದ. ಅವಳಿಗೆ ಉರಿದುಹೋಯಿತು.

"ನಾಚಿಕಿ ಆಗಾಕತ್ತೈತೇನ್ರೀ ನಿಮಗ?"

"ಹಂಗಲ್ಲ ಸಂಯುಕ್ತಾ..."

"ಮತ್ತ ಹೆಂಗ? ಆ ಪ್ಯಾಕ್ ಈ ಮನ್ಯಾಗ ಇದ್ರ ನಾ ಇರಂಗಿಲ್ಲ. ಸಂಜಿ ಗಾಡಿಗೆ ಕೂಸಿನ ಕರ್ಕೊಂಡು ಹೊಳ್ಳಿ ಹೊಕ್ಕೀನಿ!"

ಅಂದದ್ದೇನೋ ಆಯಿತು. ಮನಸ್ಸು ಮಾತ್ರ ಬೇರೇನೇ ಬೇಡುತ್ತಿತ್ತು... 'ಹೋಗಬ್ಯಾಡ ಅನ್ರಿ! ಒಂದು ಸಲ ಅನ್ರಿ!'

ಭರತ ಹಾಕಿದ್ದ ಬೂಟು ಕಳಚಿಟ್ಟ. ಲಂಗೋಟಿ ಗಂಟಿನ ಮುಂದೆ ಕುಸಿದು ಕೂತ.

"ಇದು ನಿಮ್ಮಜ್ಜಿ ಸೀರಿ. ಇದು ನಿಮ್ಮಪ್ಪನ ಧೋತರ..." ಒಂದೊಂದೇ ಮುಟ್ಟಿದ. "ಕೂಸಿಗೆ ಎರಡೂ ಮನಿ ಹಿರ್ಯಾರ ಹಳೇ ಅರಿವಿ ಹಾಕಬೇಕಂತಾರ. ತೊಟ್ಟಿಲ ದಿನಾನ ನೋಡಿದ್ದೆ, ಇದರಾಗ ನಮ್ಮ ಮನೀದು ಒಂದೂ ಇಲ್ಲ. ಅವ್ವ ಇದ್ದಿದ್ರ ಕಳಿಸ್ತಿದ್ಳು... ಅಕಿ ಇಲ್ಲ. ಅದಕ್ಕ ನನ್ನ ಕೈಲೆ ಆದದ್ದು ನಾ ತಂದೆ."

ಸಂಯುಕ್ತಾ ಅವನ ಪಕ್ಕಕ್ಕೆ ಬಂದು ಕೂತಳು. ಅರಿವಿ ಕೇಳುವ ಮಾತು ಬೀಗತಿಯರ ನಡುವಿನದು. ಬೀಗತಿ, ಭರತನ ಅವ್ವ ಪಾರ್ವತೆಮ್ಮ ತೀರಿಕೊಂಡಿದ್ದರಿಂದ ತವರಿನಲ್ಲಿ ಯಾರೂ ಹಳೇ ಅರಿವಿ ಕೊಡಿ ಅಂತ ಅಳಿಯನನ್ನು ಕೇಳಿರಲೇ ಇಲ್ಲ. ಅವಳೂ ಕೇಳಿರಲಿಲ್ಲ!

"ತಪ್ಪಾತ್ರಿ..." ಅವಳ ಕಣ್ಣು ತುಂಬಿತು. "ಅತ್ತಿ ಸೀರಿ ಒಂದೂ ಇಲ್ಲೇನ್ರೀ?"

ಅವನು ಕಪಾಟಿನಿಂದ ಮಾಸಿದ ಇಳಕಲ್ ಸೀರೆಯೊಂದನ್ನು ತಂದ. "ಇದೊಂದ ಉಳದೈತಿ."

"ಹಂಗಾರ ಬ್ಯಾಡ್ರಿ! ಹರೀಬ್ಯಾಡ್ರಿ!"

"ಕಪಾಟಿನ್ಯಾಗ ಇಟ್ಟು ಏನು ಮಾಡ್ಲಿ? ಮೊಮ್ಮಗಳ್ನ ಎತ್ಕೊಳ್ಳಲಿ ನಮ್ಮವ್ವ."

ಸೆರಗನ್ನು ಕತ್ತರಿಸಿ ತೆಗೆದಿಟ್ಟ. ಉಳಿದ ಮೆತ್ತನೆ ಹತ್ತಿ ಬಟ್ಟೆಯನ್ನು ಚರ್ರೆಂದು ಹರಿದ. ಸಂಯುಕ್ತಾ ಕೂಸಿಗೆ ಕಟ್ಟಿದಳು.

ಕಟ್ಟಿ ಮುಗಿಯುವುದರೊಳಗೆ ಬಟ್ಟೆ ಒದ್ದೆ!

ಇಬ್ಬರೂ ಅಳುತ್ತಲೇ ನಕ್ಕರು. ಭರತ ತೋಳು ಏರಿಸಿ ತಾನೇ ಒಗೆದ. ತಂತಿಯ ನಟ್ಟನಡುವೆ, ಎಲ್ಲರಿಗೂ ಕಾಣುವ ಹಾಗೆ ಹರವಿದ.

"ಆಂಟಿ!" ತೆಲುಗಿನಲ್ಲೇ ಕೂಗಿದ. "ಇದು ನಮ್ಮವ್ವನ ಸೀರೆ. ಇಲ್ಲೇ ಒಣಗುತ್ತೆ!"

ವನಜಾ ಆಂಟಿ ಬಾಗಿಲು ಹಾಕಿಕೊಂಡರು. ಹಾಕಿಕೊಳ್ಳಲಿ ಬಿಡಿ!

ಭರತ ಮೆಲ್ಲಗೆ ಕೇಳಿದ, "ಸಂಜಿ ಗಾಡಿ... ಎಷ್ಟಕ್ಕೈತಿ?"

"ಹಸೀ ಲಂಗೋಟಿ ಕಟ್ಕೊಂಡು ಹೆಂಗ ಹೋಗ್ಲ್ರಿ? ಒಣಗಲಿ, ನೋಡೂಣು."

"ಹಂಗಾರ ದಿನಾ ನಾನ ಒಗೀತೀನಿ," ಅವಳ ಕೈ ಹಿಡಿದ. "ಎಂದೂ ಪೂರಾ ಒಣಗಾಕ ಬಿಡಂಗಿಲ್ಲ."