ಹದಿಮೂರನೆಯ ಮಂತ್ರಿ

೨೦೦೬ರ ಜುಲೈ ೧೭, ಸೋಮವಾರ, ಬೆಳಿಗ್ಗೆ ಒಂಬತ್ತು ಹತ್ತು. ಕ್ರೈಸ್ಟ್‌ಚರ್ಚ್ ಊರಿಗೆ ಊರೇ ಮಂಜಿನಲ್ಲಿ ಮುಳುಗಿತ್ತು. ಸೌದೆ ಒಲೆಗಳ ಹೊಗೆಯೂ ಸೇರಿಕೊಂಡು, ಠಾಣೆಯ ಮುಂದೆ ನಿಂತ ಕಾರುಗಳು ಇವೆಯೋ ಇಲ್ಲವೋ ಎನ್ನುವಂತಿದ್ದವು. ಆ ಮಂಜಿನೊಳಗಿಂದ ದೂರು ಹೊತ್ತು ಬಂದವಳು ಸೇಲಾ. ಲೊಮಾವಾ ಎಂಬ ಪುಟ್ಟ ದ್ವೀಪದೇಶಕ್ಕೆ ಈ ಊರಿನಲ್ಲಿ ಅವಳೇ ಕಾನ್ಸಲ್.

ಡಿಟೆಕ್ಟಿವ್ ಸಾರ್ಜೆಂಟ್ ಚಂದ್ರಹಾಸ ದೂರು ಬರೆದುಕೊಂಡ. ಈ ದೇಶದಲ್ಲಿ ಎಫ್‌ಐಆರ್ ಇಲ್ಲ, ಪಂಚನಾಮೆಯೂ ಇಲ್ಲ. ಆದರೆ ಅವನು ಮಂಡ್ಯದ ಸ್ಟೇಷನ್ ರೈಟರ್ ಒಬ್ಬರ ಮಗ. ಮನಸ್ಸಿನಲ್ಲಿ ಎಲ್ಲವನ್ನೂ ಅಪ್ಪನ ಹೆಸರುಗಳಿಂದಲೇ ಕರೆಯುತ್ತಿದ್ದ.

ಸಂಗತಿ ಇಷ್ಟು. ಒಂದು ವರ್ಷದ ಹೊಡೆದಾಟದ ನಂತರ ಲೊಮಾವಾದ ಹಂಗಾಮಿ ಅಧ್ಯಕ್ಷರು ರಾಷ್ಟ್ರೀಯ ಸಂಪುಟ ಕಟ್ಟಿದ್ದರು. ಹನ್ನೆರಡು ಮಂತ್ರಿಗಳು, ಉತ್ತರದವರು ಆರು, ದಕ್ಷಿಣದವರು ಆರು. ಶಿಕ್ಷಣ ಖಾತೆಗೆ ಎರಡೂ ಕಡೆಯವರು ಜಗ್ಗಾಡಿದ್ದರಿಂದ ಅದನ್ನು ಯಾರಿಗೂ ಕೊಡದೆ ಖಾಲಿ ಬಿಟ್ಟಿದ್ದರು. ಅಧ್ಯಕ್ಷರ ಸಹಿಯಿದ್ದ ಪಟ್ಟಿ ಫ್ಯಾಕ್ಸಿನಲ್ಲಿ ಬಂದಾಗ, ಶುಕ್ರವಾರ ಬೆಳಿಗ್ಗೆ ಸೇಲಾ ಅದನ್ನು ಕಚೇರಿಯ ಬೋರ್ಡಿಗೆ ಅಂಟಿಸಿದ್ದಳು. ಶನಿವಾರ ದ್ವೀಪದವರ ವಾರಪತ್ರಿಕೆಯಲ್ಲಿ ನೋಡಿದರೆ ಹದಿಮೂರು ಹೆಸರು!

“ಶಿಕ್ಷಣ ಸಚಿವೆ, ಪಾನುಮಾ,” ಸೇಲಾ ಪತ್ರಿಕೆಯ ಮೇಲೆ ಬೆರಳಿಟ್ಟಳು.

“ಯಾರವರು?”

“ಆ ಹೆಸರಿನ ರಾಜಕಾರಣಿ ಯಾರಿಗೂ ಗೊತ್ತಿಲ್ಲ. ಉತ್ತರದವರು ಇವಳು ದಕ್ಷಿಣದವಳು ಅಂತಾರೆ, ದಕ್ಷಿಣದವರು ಉತ್ತರದವಳು ಅಂತಾರೆ. ಅಧ್ಯಕ್ಷರು ನಾನು ಹಾಕಿಲ್ಲ ಅಂದ್ರೂ ಯಾರೂ ನಂಬ್ತಿಲ್ಲ. ನಾಳೆ ಹತ್ತು ಗಂಟೆಗೆ ಪ್ರಮಾಣವಚನ. ಇದು ಯಾರ ಕೆಲಸ ಅಂತ ಇವತ್ತೇ ಗೊತ್ತಾಗದಿದ್ದರೆ ಯಾರೂ ಬರೋದಿಲ್ಲ, ಮತ್ತೆ ಬಂದೂಕು ಎತ್ತಿಕೊಳ್ತಾರೆ. ನನ್ನ ಅಮ್ಮ ಅಲ್ಲೇ ಇದ್ದಾಳೆ.”

ಹನ್ನೊಂದು ಇಪ್ಪತ್ತಕ್ಕೆ ಪತ್ರಿಕಾ ಕಚೇರಿ. ಶುಕ್ರವಾರ ಸಂಜೆ ಅಂಚೆಪೆಟ್ಟಿಗೆಯಲ್ಲಿ ಸಿಕ್ಕ ಲಕೋಟೆಯನ್ನು ಸಂಪಾದಕರು ಒಪ್ಪಿಸಿದರು. ಅಂಚೆಚೀಟಿ ಇರಲಿಲ್ಲ. ಒಳಗಿನ ಪಟ್ಟಿಯನ್ನು ಇಂಗ್ಲಿಷ್ ಟೈಪ್‌ರೈಟರಿನಲ್ಲಿ ಹೊಡೆಯಲಾಗಿತ್ತು; ‘ಇ’ ಅಕ್ಷರದ ಹೊಟ್ಟೆಯಲ್ಲೆಲ್ಲ ಮಸಿ ತುಂಬಿತ್ತು. ಕೊನೆಯಲ್ಲಿ, ಅಧ್ಯಕ್ಷರ ಹೆಸರಿನ ಮೇಲೆ, ಸಹಿಯ ಜಾಗದಲ್ಲಿ ‘ಎಸ್‌ಡಿ/-’ ಎಂದಿತ್ತು.

ಕಾನ್‌ಸ್ಟೇಬಲ್ ಹೇಮಿ ಚುರುಕಿನವನು. ಮಧ್ಯಾಹ್ನ ಒಂದರ ಹೊತ್ತಿಗೆ ದ್ವೀಪದ ಸಂಪರ್ಕವಿದ್ದ ಮೂವರು ಎಸ್‌ಡಿಗಳನ್ನು ಹುಡುಕಿಟ್ಟಿದ್ದ. ಒಬ್ಬ ಮಾಂಸದಂಗಡಿಯವನು, ಒಬ್ಬಳು ದಂತವೈದ್ಯೆ, ಇನ್ನೊಬ್ಬರು ತೊಂಬತ್ತೆರಡರ ಅಜ್ಜಿ.

“ಅಜ್ಜಿಯಿಂದ ಶುರು ಮಾಡೋಣವೇ?”

ಚಂದ್ರಹಾಸ ಹೊಟ್ಟೆ ಹಿಡಿದುಕೊಂಡು ನಕ್ಕ. “ಅದು ಯಾರ ಹೆಸರೂ ಅಲ್ಲ ಮಾರಾಯ. ಮೂಲಪತ್ರಕ್ಕೆ ಸಹಿ ಆಗಿದೆ ಅಂತ ನಕಲು ಪ್ರತಿಯಲ್ಲಿ ಟೈಪ್ ಮಾಡೋ ಗುರುತು. ನಮ್ಮೂರ ಕಚೇರಿಗಳಲ್ಲಿ ಅದಿಲ್ಲದ ಕಾಗದವೇ ಇಲ್ಲ.”

ಹೇಳುತ್ತ ಹೇಳುತ್ತ ಅವನ ನಗು ಒಣಗಿತು. ಕನ್ನಡ ಕೂಟದ ಯುಗಾದಿ ಆಹ್ವಾನಪತ್ರ ಇನ್ನೂ ಅವನ ಮನೆಯ ಫ್ರಿಜ್ಜಿನ ಮೇಲಿತ್ತು. ಹೋಗಿ ತಂದ. ಅದರಲ್ಲೂ ಅದೇ ‘ಎಸ್‌ಡಿ/-’, ಅದೇ ಮಸಿ ತುಂಬಿದ ‘ಇ’ ಅಕ್ಷರ. ಟೈಪ್ ಮಾಡಿದವರು ಮೃತ್ಯುಂಜಯ ಅಂಕಲ್. ಲೊಮಾವಾ ಸಚಿವಾಲಯದಲ್ಲಿ ಇಪ್ಪತ್ತೆರಡು ವರ್ಷ ಟೈಪಿಸ್ಟ್ ಆಗಿದ್ದು, ನಿವೃತ್ತರಾಗಿ ಇಲ್ಲಿ ನೆಲೆಸಿದವರು. ಹತ್ತು ವರ್ಷದ ಹಿಂದೆ ಚಂದ್ರಹಾಸ ವಿದ್ಯಾರ್ಥಿಯಾಗಿ ಬಂದಾಗ, ಮೊದಲ ಚಳಿಗಾಲವನ್ನು ಅವರ ಮನೆಯ ರೊಟ್ಟಿ ತಿಂದೇ ಕಳೆದಿದ್ದ.

ಮೂರು ನಲವತ್ತಕ್ಕೆ ರಿಕ್ಕರ್ಟನ್ ಬಡಾವಣೆಯಲ್ಲಿ ಅಂಕಲ್ ಮನೆ. ಮಂಜು ಕಿಟಕಿಗೇ ಬಂದು ಒರಗಿತ್ತು.

“ಬಾ ತಮ್ಮಾ, ಕುಂದ್ರು. ಚಾ ಮಾಡ್ತೀನಿ.”

“ಬೇಡ ಅಂಕಲ್. ಇದನ್ನ ಟೈಪ್ ಮಾಡಿದ್ದು ನೀವೇನಾ?”

“ಹೌದು.”

“ಯಾವಾಗ?”

“ಶುಕ್ರವಾರ ಮಧ್ಯಾಹ್ನ. ಪೆನ್ಶನ್ ಕಾಗದಕ್ಕಂತ ಕಾನ್ಸಲ್ ಆಫೀಸಿಗೆ ಹೋಗಿದ್ದೆ. ಬೋರ್ಡಿನ ಮ್ಯಾಲೆ ಯಾದಿ ಕಂಡೆ.”

“ಪಾನುಮಾ ಅಂದ್ರೆ?”

ಮುದುಕರು ಗೋಡೆಯ ಮೇಲಿನ ಫೋಟೋ ನೋಡಿದರು. ಕಳೆದ ಚಳಿಗಾಲದಲ್ಲಿ ತೀರಿಕೊಂಡ ಭಾನುಮತಿ ಆಂಟಿ ಅಲ್ಲಿ ನಗುತ್ತಿದ್ದರು.

“ಭಾನುಮತಿ ಅನ್ನಾಕ ಆ ಹುಡುಗರಿಗೆ ನಾಲಿಗಿ ಹೊಳ್ಳತಿದ್ದಿಲ್ಲ.”

ದ್ವೀಪದ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಆಂಟಿಗೆ, ಇವತ್ತಿನ ಹಂಗಾಮಿ ಅಧ್ಯಕ್ಷ ಒಂದು ಕಾಲಕ್ಕೆ ಮೂರನೆಯ ಸಾಲಿನ ವಿದ್ಯಾರ್ಥಿ. ದೊಡ್ಡವನಾದ ಮೇಲೆ ನಿಮ್ಮನ್ನು ಮಂತ್ರಿ ಮಾಡುತ್ತೇನೆ ಎಂದಿದ್ದನಂತೆ. ಮುಂದೆ ಎಷ್ಟೋ ಸಂಪುಟಗಳು ಬಂದು ಹೋದವು, ಪ್ರತಿಯೊಂದರ ಪಟ್ಟಿಯನ್ನೂ ಟೈಪ್ ಮಾಡಿದವರು ಮೃತ್ಯುಂಜಯ. ಸಂಜೆ ಇಬ್ಬರೂ ಸಮುದ್ರಕ್ಕೆ ಕಾಲು ಇಳಿಬಿಟ್ಟು ಕೂತಾಗ ಆಕೆ ಕೇಳುತ್ತಿದ್ದರು, ಈ ಸಲ ಶಿಕ್ಷಣ ಖಾತೆ ಯಾರಿಗೆ ಎಂದು. ಇವರು ನಿನಗೇ ಎನ್ನುತ್ತಿದ್ದರು. ನೀರು ಬಂದು ಪಾದ ತೊಳೆದು ಹೋಗುತ್ತಿತ್ತು.

“ಈ ಸಲ ಖರೇನ ಆ ಜಾಗ ಖಾಲಿ ಇತ್ತು ತಮ್ಮಾ. ಆ ಹುಡುಗನ ಯಾದಿಯೊಳಗ. ಒಂದ ದಿನ ಆಕಿ ಹೆಸರು ಅಚ್ಚಾಗ್ಲಿ ಅಂತ ಬರದೆ. ಸಹಿ ನಕಲು ಮಾಡಿಲ್ಲ, ಎಸ್‌ಡಿ ಅಷ್ಟ ಹಾಕೀನಿ.”

“ಸಹಿ ಆಗಿದೆ ಅಂತ ತಾನೆ ಅದರರ್ಥ? ಆಗಿರ್ಲಿಲ್ವಲ್ಲ ಅಂಕಲ್. ಈ ಹೆಸರಿಗಾಗಿ ಅಲ್ಲಿ ಎರಡು ಕಡೆಯವರೂ ಹೊಡೆದಾಟಕ್ಕೆ ನಿಂತಿದ್ದಾರೆ.”

“ಆಕಿ ಹೆಸರಿಗೇನು? ಎರಡೂ ಕಡಿ ಹುಡುಗರನ್ನ ಒಂದ ಬೆಂಚಿನ ಮ್ಯಾಲೆ ಕುಂದ್ರಿಸಿ ಕಲಿಸ್ಯಾಳಲ್ಲೋ ಆಕಿ!” ಮುದುಕರು ತಾವೇ ಎದ್ದು ಕೋಟು ಹಾಕಿಕೊಂಡರು. “ನಡಿ. ಲಗೂನ ಬರಕೊಡ್ತೀನಿ.”

ನಾಲ್ಕು ಇಪ್ಪತ್ತೈದಕ್ಕೆ ಬಂಧನ. ಠಾಣೆಯಲ್ಲಿ ತಪ್ಪೊಪ್ಪಿಗೆ ಬರೆದು, ಕೆಳಗೆ ಪೂರ್ತಿ ಹೆಸರಿನ ಸಹಿ ಹಾಕಿದರು. ಅದರ ಪ್ರತಿ ದ್ವೀಪಕ್ಕೆ ಹೋಯಿತು. ಆರಕ್ಕೆ ಸೇಲಾ ಫೋನ್ ಮಾಡಿ ಅತ್ತಳು. ಪಾನುಮಾ ಎಂದರೆ ತಮಗೆ ಪಾಠ ಹೇಳಿದ, ಯಾವಾಗಲೋ ದ್ವೀಪ ಬಿಟ್ಟುಹೋದ ಆ ಟೀಚರೇ ಎಂದು ತಿಳಿದು ಎರಡೂ ಕಡೆ ಹಳಬರು ತಣ್ಣಗಾಗಿದ್ದರು. ನಾಳೆ ಎಲ್ಲರೂ ಬರುವವರಿದ್ದರು.

ಕಡತದಲ್ಲಿ ಉದ್ದೇಶ ಎಂಬಲ್ಲಿ ಚಂದ್ರಹಾಸ ‘ಹೆಂಡತಿಗೆ ಕೊಟ್ಟ ಮಾತು’ ಎಂದು ಬರೆದ.

“ತಮ್ಮಾ,” ಮುದುಕರು ಬೆಂಚಿನಿಂದ ಕರೆದರು, “ಆ ಹುಡುಗ ಆಕಿ ಸಲುವಾಗೇ ಆ ಜಾಗ ಖಾಲಿ ಬಿಟ್ಟಿದ್ದ, ಅಲ್ಲೇನು?”

ಬೆಳಿಗ್ಗೆ ಸೇಲಾ ಹೇಳಿದ ಜಗ್ಗಾಟದ ಕಾರಣ ಟಿಪ್ಪಣಿ ಪುಸ್ತಕದ ಮೊದಲ ಪುಟದಲ್ಲೇ ಇತ್ತು. ಚಂದ್ರಹಾಸ ಪುಸ್ತಕ ಮುಚ್ಚಿದ.

“ಹೌದು ಅಂಕಲ್,” ಎಂದ. ಆ ಉತ್ತರವನ್ನು ಅವನು ಎಲ್ಲೂ ಬರೆದುಕೊಳ್ಳಲಿಲ್ಲ.