ನಿಲ್ಲಿಸಿ ನೋಡಿದ ರೀಲು

"ನಮ್ಮೋಳು ಕಾಣೆಯಾಗ್ಯಾಳೆ ಅಮ್ಮಾರೆ," ಎಂದು ಸಣ್ಣಪ್ಪ ಜಗಲಿ ಹತ್ತುತ್ತಲೇ ಅಂದಾಗ ಕೆಂಚೇಶನ ಕೈಲಿದ್ದ ಚಹಾ ತುಳುಕಿತು. ಸಣ್ಣಪ್ಪನ ಹೆಂಡತಿ ಅಂತರಘಟ್ಟಮ್ಮ ತೀರಿಕೊಂಡು ಎಷ್ಟೋ ವರ್ಷವಾಗಿದ್ದು ಸಂತೇಬೆನ್ನೂರಿಗೆಲ್ಲ ಗೊತ್ತು.

ಹೇಮಾವತಿ ಗಾಬರಿಯಾಗಲಿಲ್ಲ. ಪೊಲೀಸ್ ಕೆಲಸದಿಂದ ನಿವೃತ್ತಳಾಗಿ ಊರಿಗೆ ಬಂದ ಮೇಲೂ ಜನ ಆಕೆಯ ಜಗಲಿಯನ್ನು ಠಾಣೆ ಮಾಡಿಕೊಂಡಿದ್ದರು. ಆಕೆಯ ಕಾರು ಓಡಿಸುವ ಕೆಂಚೇಶನಿಗೆ ಕಳ್ಳರೆಂದರೆ ಲೆಕ್ಕಕ್ಕಿಲ್ಲ, ದೆವ್ವವೆಂದರೆ ಮಾತ್ರ ಕೈಕಾಲು ಆಡುವುದಿಲ್ಲ.

"ಕುಂತ್ಕೊಂಡು ಹೇಳ್ರಿ," ಅಂದಳು ಹೇಮಾವತಿ.

ಸಣ್ಣಪ್ಪ ಒಂದು ಕಾಲದಲ್ಲಿ ಟೂರಿಂಗ್ ಟಾಕೀಸ್ ಇಟ್ಟಿದ್ದವನು. ಹೊನ್ನಾಳಿಯ ಹೊಳೆ ದಂಡೆಯಲ್ಲಿ ಯಾವುದೋ ಸಿನಿಮಾದ ಶೂಟಿಂಗ್ ನಡೆದಾಗ, ಕೊಡ ಹೊತ್ತ ಹೆಂಗಸರ ನಡುವೆ ಅವನ ಹೆಂಡತಿಯೂ ನಿಂತು, ತಿರುಗಿ ನಕ್ಕಿದ್ದಳು. ಆ ರೀಲನ್ನು ಅವನು ಕೊಂಡುಕೊಂಡ. ಅವಳದೊಂದು ಫೋಟೋ ಕೂಡ ಅವನ ಹತ್ತಿರ ಇರಲಿಲ್ಲ.

"ಆಕಿ ಪರದೆ ಮ್ಯಾಲೆ ಬಂದ ಕೂಡ್ಲೆ 'ನಿಲ್ಸೋ ಬಸಣ್ಣ' ಅಂತ ಮೆಷಿನ್ ಓಡ್ಸೋನಿಗೆ ಕೂಗ್ತಿದ್ದೆ. ಕಣ್ತುಂಬ ನೋಡಿ, 'ಹ್ಞೂಂ, ಬಿಡು' ಅಂತಿದ್ದೆ. ಜನ ಬೈಯೋರು, ಬೈಲಿ. ಈಗ ಕಣ್ಣಿನ ನರ ಒಣಗ್ತಾ ಐತೆ, ದೀಪಾವಳಿ ಹೊತ್ತಿಗೆ ಪೂರ್ತಿ ಕತ್ತಲೆ ಅಂದಾರೆ ಡಾಕ್ಟ್ರು. ಅದಕ್ಕೆ ಮುಂಚೆ ಒಂದ್ಸಲ ನೋಡ್ಬೇಕಿತ್ತು."

ಟೆಂಟ್ ಸಿನಿಮಾದ ಕಾಲದ ಬಗ್ಗೆ ನಗೆ ಚಿತ್ರ ತೆಗೆಯುತ್ತಿದ್ದ ಪ್ರದೀಪ್, ಸಂತೆ ಮೈದಾನದಲ್ಲಿ ಟೆಂಟ್ ಹಾಕಿಸಿ, ಸಣ್ಣಪ್ಪನ ಸಿನಿಮಾ ಮೆಷಿನ್ನು, ರೀಲು ಎರಡನ್ನೂ ಎರವಲು ತಂದಿದ್ದ. ಅಂದು ಸಂಜೆ ಅದೇ ರೀಲು ಹಾಕಿ ತೋರಿಸುವ ಮಾತಾಗಿತ್ತು. ಮಧ್ಯಾಹ್ನದ ಊಟ ಮುಗಿಯುವಷ್ಟರಲ್ಲಿ ರೀಲಿನ ಡಬ್ಬಿ ಖಾಲಿ.

ಹೇಮಾವತಿ, ಕೆಂಚೇಶ ಹೋದಾಗ ಟೆಂಟಿನೊಳಗೆ ಗಾಳಿಗೆ ಬಿಳಿ ಪರದೆ ಉಸಿರಾಡುತ್ತಿತ್ತು. ಸಾಮಾನು ನೋಡಿಕೊಳ್ಳುವ ಮಂಜುನಾಥ ಅಳುವುದೊಂದು ಬಾಕಿ. "ಡಬ್ಬಿಯ ಬೀಗದ ಕೀ ಊಟದ ಚಪ್ಪರದ ಮೊಳೆಗೆ ಹಾಕಿದ್ದೆ ಮೇಡಂ. ಯಾರು ಬೇಕಾದ್ರೂ ತಗೋಬಹುದಿತ್ತು."

"ಹಳೇ ರೀಲಿಗೆ ಗಿರಾಕಿ ಇದಾರೆ, ಇವನೇ ಮಾರಿದಾನೆ. ಸಂಜೆಯೊಳಗೆ ಸಿಗದಿದ್ರೆ ಪೊಲೀಸರಿಗೆ ಕೊಡ್ತೀನಿ," ಎಂದ ಪ್ರದೀಪ್.

"ಊಟದ ಹೊತ್ತಲ್ಲಿ ಒಳಗಿಂದ ಮೆಷಿನ್ ಓಡೋ ಸದ್ದು ಬಂತು, ಹೆಂಗಸು ನಕ್ಕಂಗಾಯ್ತು," ಎಂದ ಮಂಜುನಾಥ. "ಹೆದರಿ ಯಾರೂ ಹತ್ರ ಹೋಗಿಲ್ಲ." ಕೆಂಚೇಶ ಮೆಲ್ಲಗೆ ಬಾಗಿಲ ಕಡೆ ಸರಿದ.

ಹೇಮಾವತಿ ಮೆಷಿನ್ನಿನ ಮುಂದೆ ನಿಂತಳು. ಲೆನ್ಸಿನ ಮೇಲೆ ಹಳೇ ಪಂಚೆ ತುಂಡೊಂದನ್ನು ಯಾರೋ ಜೋಪಾನವಾಗಿ ಸುತ್ತಿದ್ದರು. "ಇದನ್ನ ಮುಚ್ಚಿದ್ದು ನೀವಾ?"

"ಇಲ್ಲ ಮೇಡಂ," ಎಂದ ಪ್ರದೀಪ್. "ಮುಚ್ಚಬೇಡಿ ಅಂತ ಎಲ್ರಿಗೂ ಹೇಳಿದೀನಿ. ಧೂಳು ಕೂತಷ್ಟೂ ಕ್ಯಾಮೆರಾದಲ್ಲಿ ಹಳೇದಾಗಿ ಕಾಣುತ್ತೆ."

ಕೆಂಚೇಶನ ಚಪ್ಪಲಿಗೆ ಏನೋ ಅಂಟಿತು. ಹೆಬ್ಬೆರಳುದ್ದದ ಫಿಲಂ ತುಂಡು. ಹೇಮಾವತಿ ಬೆಳಕಿಗೆ ಹಿಡಿದಳು. ಹೊಳೆಯ ಮೆಟ್ಟಿಲು, ಕೊಡ, ಬಳೆ ತೊಟ್ಟ ಕೈ. ಮುಖ ಇರಬೇಕಾದ ಕಡೆ ಸುಟ್ಟ ತೂತು.

ಹೊತ್ತು ಮುಳುಗುವಾಗ ಹೇಮಾವತಿ ಎಲ್ಲರನ್ನೂ ಟೆಂಟಿನಲ್ಲಿ ಕೂರಿಸಿದಳು. ಸಣ್ಣಪ್ಪ ಮುಂದಿನ ಬೆಂಚಿನಲ್ಲಿದ್ದ. ಅವನ ಟೆಂಟಿನಲ್ಲಿ ಆಪರೇಟರ್ ಆಗಿದ್ದ, ಈಗ ಚಿತ್ರತಂಡಕ್ಕೆ ಮೆಷಿನ್ ಕಲಿಸಲು ಬಂದಿದ್ದ ಬಸವರಾಜಪ್ಪ ಹಿಂದೆ ಕೂತಿದ್ದ.

"ಮಾರೋನಾಗಿದ್ರೆ ರೀಲು ಎತ್ಕೊಂಡು ಓಡ್ತಿದ್ದ," ಎಂದಳು. "ಈ ಕಳ್ಳ ಮೊದಲು ಓಡಿಸಿ ನೋಡ್ಯಾನೆ. ನೀವು ಕೇಳಿದ ನಗು ರೀಲಿನ ನಾಯಕಿದು. ಆಮೇಲೆ ಮೆಷಿನ್ನಿಗೆ ಧೂಳು ಕೂರದಂಗೆ ಬಟ್ಟೆ ಸುತ್ಯಾನೆ. ಇಲ್ಲಿ ಎಲ್ರಿಗೂ ಧೂಳು ಬೇಕು. ಧೂಳು ಕಂಡ್ರೆ ಆಗದೋರು ಊರೂರು ಟೆಂಟ್ ಹಾಕಿದೋರು ಮಾತ್ರ. ಅಂಥೋರು ಇಬ್ರು. ಒಬ್ರಿಗೆ ಕಣ್ಣು ಸರಿಯಾಗಿ ಕಾಣಲ್ಲ, ಮೆಷಿನ್ನಿಗೆ ರೀಲು ಏರ್ಸೋಕಾಗಲ್ಲ."

ಎಲ್ಲರೂ ಬಸವರಾಜಪ್ಪನ ಕಡೆ ತಿರುಗಿದರು.

"ಯಾಕಂತ ಈ ತುಂಡು ಹೇಳ್ತು. ಓಡೋ ರೀಲನ್ನ ನಿಲ್ಲಿಸಿದ್ರೆ ದೀಪದ ಕಾವಿಗೆ ಏನಾಗ್ತೈತೆ, ಬಸವರಾಜಪ್ಪಾರೆ?"

"ಸುಡ್ತೈತೆ," ಎಂದ ಮುದುಕ. ಜೇಬಿನಿಂದ ನಶ್ಯದ ಡಬ್ಬಿ ತೆಗೆದು ಬೆಂಚಿನ ಮೇಲೆ ಸುರಿದ. ಸುರುಳಿ ಸುತ್ತಿದ ತುಂಡುಗಳು, ಎಲ್ಲದರಲ್ಲೂ ಮುಖದ ಜಾಗದಲ್ಲಿ ತೂತು. "ನ್ಯಾಮತಿಲಿ ಒಂದು, ಗೋವಿನಕೋವಿಲಿ ಒಂದು. ನಿಲ್ಸಿದಾಗೆಲ್ಲ, ಸುಡೋದು ಪರದೆ ಮ್ಯಾಲೆ ಕಾಣೋಕೆ ಮುಂಚೆ ದೀಪ ಮುಚ್ಚಿ, ಸುಟ್ಟಿದ್ದು ಕತ್ತರಿಸಿ ಅಂಟಿಸ್ತಿದ್ದೆ. ಸೊಕ್ಕೆಯ ಕೊನೇ ಆಟದಾಗೆ ಉಳಿದಿದ್ದೂ ಹೋತು, ಮಾರನೇ ದಿನ ಟೆಂಟ್ ಬಿಚ್ಚಿದ್ವಿ. ನಂಗೇ ನಂಬಿಕೆ ಬರ್ದೆ ಇವತ್ತು ಓಡಿಸಿ ನೋಡ್ದೆ, ಇವನ್ನ ಹೋಲಿಸಿ ನೋಡೋವಾಗ ಒಂದು ತುಂಡು ಕೆಳಗೆ ಬಿದ್ದಿರ್ಬೇಕು. ಅದ್ರಾಗೆ ಅಕ್ಕ ಇಲ್ಲ. ನೀವೇ ಸುಟ್ರಿ ಅಂತ ನಿಮಗೆ ಹೆಂಗೆ ಹೇಳ್ಲಿ, ಸಾವ್ಕಾರ್ರೆ? ಈ ಹುಡುಗನ ಮ್ಯಾಲೆ ಬರ್ತೈತೆ ಅಂದ್ಕೊಂಡಿರ್ಲಿಲ್ಲ."

ಪ್ರದೀಪ್ ಮಂಜುನಾಥನ ಭುಜ ಹಿಡಿದು ಕ್ಷಮೆ ಕೇಳಿದ. ಸಣ್ಣಪ್ಪ ತುಂಡುಗಳನ್ನು ಒಂದೊಂದಾಗಿ ಸವರಿ, ಪ್ರತಿ ತೂತಿನಲ್ಲೂ ಬೆರಳು ಇಟ್ಟು ನೋಡಿದ.

"ಹಾಕು ಬಸಣ್ಣ," ಎಂದ ಸಣ್ಣಪ್ಪ ಕೊನೆಗೆ.

ಬಸವರಾಜಪ್ಪ ಬೆಂಚಿನಡಿಯ ಚೀಲದಿಂದ ರೀಲು ತೆಗೆದು ಮೆಷಿನ್ನಿಗೇರಿಸಿದ. ಪರದೆಯ ಮೇಲೆ ಹೊಳೆ ಹರಿಯಿತು, ಕೊಡ ಹೊತ್ತ ಹೆಂಗಸರು ಮೆಟ್ಟಿಲಿಳಿದರು. ಆ ಜಾಗ ಬಂತೆಂದು ಸಣ್ಣಪ್ಪನಿಗೆ ನೀರಿನ ಸದ್ದಿನಿಂದಲೇ ತಿಳಿಯಿತು. ಕತ್ತರಿಸಿ ಅಂಟಿಸಿದ ಕಡೆ ಚಿತ್ರ ತಟಕ್ಕನೆ ಜಿಗಿಯಿತು. ರೂಢಿಯಂತೆ ಬಸವರಾಜಪ್ಪನ ಕೈ ಸ್ವಿಚ್ಚಿಗೆ ಹೋಗಿತ್ತು.

"ನಿಲ್ಲಿಸಬ್ಯಾಡೋ," ಎಂದು ಸಣ್ಣಪ್ಪ ಕೂಗಿದ. "ಈಗಾದ್ರೂ ಆಕೀನ ಹೋಗಾಕೆ ಬಿಡು."